ವೈದ್ಯರನ್ನು ಕೇಳಿ: ಕೊಲೆಸ್ಟ್ರಾಲ್ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕೊಲೆಸ್ಟ್ರಾಲ್ ಬಗ್ಗೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇವೆ. ಮತ್ತೆ ಮತ್ತೆ ಬರುವ ಎಲ್‌ಡಿಎಲ್ ಎಂದರೆ ಕೆಟ್ಟ ಕೊಲೆಸ್ಟ್ರಾಲ್, ಎಚ್‌ಡಿಎಲ್ ಎಂದರೆ ಒಳ್ಳೆಯ ಕೊಲೆಸ್ಟ್ರಾಲ್ ಎಂದು ಜನ ಕರೆಯುವಂಥವು. ಟ್ರೈಗ್ಲಿಸರೈಡ್ ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು. ಕೆಳಗಿನ ಅಂಕಿಗಳೆಲ್ಲ ಒಂದು ಡೆಸಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಎಂಬ ಲೆಕ್ಕದವು. ನಿಮ್ಮ ರಿಪೋರ್ಟು ಮಿಲಿಮೋಲ್ ಲೆಕ್ಕದಲ್ಲಿದ್ದರೆ ಕೊಲೆಸ್ಟ್ರಾಲಿನ ಅಂಕಿಗಳನ್ನು 38.7ರಿಂದಲೂ ಟ್ರೈಗ್ಲಿಸರೈಡಿನ ಅಂಕಿಯನ್ನು 88.6ರಿಂದಲೂ ಗುಣಿಸಿಕೊಳ್ಳಿ.

ಪ್ರಶ್ನೆ: ನನಗೆ 46 ವರ್ಷ. ಎಲ್‌ಡಿಎಲ್ 164 ಇತ್ತು. ಮೊಟ್ಟೆ ಬಿಟ್ಟೆ, ಮಾಂಸ ಬಿಟ್ಟೆ, ದಿನಾ ಬೆಳಗ್ಗೆ ನಡೆಯುತ್ತೇನೆ. ನಾಲ್ಕು ತಿಂಗಳ ಮೇಲೆ ನೋಡಿದರೆ 157. ತಿನ್ನದೇ ಇದ್ದರೂ ಇದು ಎಲ್ಲಿಂದ ಬರುತ್ತಿದೆ?

ಉತ್ತರ: ಬಹುಪಾಲು ನಿಮ್ಮ ದೇಹದೊಳಗೇ ತಯಾರಾಗುತ್ತಿದೆ. ವಯಸ್ಕರ ದೇಹ ದಿನಕ್ಕೆ ಹೆಚ್ಚುಕಡಿಮೆ 800ರಿಂದ 1000 ಮಿಲಿಗ್ರಾಂ ಕೊಲೆಸ್ಟ್ರಾಲ್ ತಯಾರಿಸಿಕೊಳ್ಳುತ್ತದೆ. ಊಟದಿಂದ ಬರುವುದು ಸಾಮಾನ್ಯವಾಗಿ 200ರಿಂದ 400 ಮಿಲಿಗ್ರಾಂ. ಅದರಲ್ಲೂ ಕರುಳು ಹೀರಿಕೊಳ್ಳುವುದು ಸುಮಾರು ಅರ್ಧದಷ್ಟು ಮಾತ್ರ. ಊಟದಲ್ಲಿ ಕಡಿಮೆಯಾದಾಗ ಲಿವರ್ ತನ್ನ ತಯಾರಿಕೆಯನ್ನು ಹೆಚ್ಚಿಸಿ ಸರಿದೂಗಿಸುತ್ತದೆ.

ಇಷ್ಟು ಮುತುವರ್ಜಿಗೆ ಕಾರಣವಿದೆ. ಪ್ರತಿ ಜೀವಕೋಶದ ಹೊರಪೊರೆಯಲ್ಲೂ ಕೊಲೆಸ್ಟ್ರಾಲ್ ಇದೆ. ಪೊರೆ ತೀರಾ ಬಿಗಿಯೂ ಆಗದಂತೆ, ತೀರಾ ಸಡಿಲವೂ ಆಗದಂತೆ ಅದು ಕಾಪಾಡುತ್ತದೆ. ನರಗಳ ಮೇಲಿನ ಮಯಲಿನ್ ಹೊದಿಕೆಗೆ ಅದು ಬೇಕು. ದೇಹದ ಒಟ್ಟು ಕೊಲೆಸ್ಟ್ರಾಲಿನಲ್ಲಿ ಐದರಲ್ಲೊಂದು ಪಾಲಿನಷ್ಟು ಮಿದುಳಿನಲ್ಲೇ ಇರುತ್ತದೆ. ಕಾರ್ಟಿಸಾಲ್, ಆಲ್ಡೊಸ್ಟಿರೋನ್, ಈಸ್ಟ್ರೋಜನ್, ಟೆಸ್ಟೊಸ್ಟಿರೋನ್ ಹಾರ್ಮೋನುಗಳೆಲ್ಲ ಇದರಿಂದಲೇ ಆಗುತ್ತವೆ. ಬಿಸಿಲು ಬಿದ್ದಾಗ ಚರ್ಮದಲ್ಲಿ ವಿಟಮಿನ್ ಡಿ ಆಗುವುದು, ಕೊಲೆಸ್ಟ್ರಾಲ್ ತಯಾರಾಗುವ ಹಾದಿಯ ಕೊನೆಯ ಹಂತದಲ್ಲಿರುವ ಒಂದು ವಸ್ತುವಿನಿಂದ. ಜಿಡ್ಡನ್ನು ಜೀರ್ಣಿಸುವ ಪಿತ್ತಾಮ್ಲಗಳನ್ನೂ ಲಿವರ್ ಕೊಲೆಸ್ಟ್ರಾಲಿನಿಂದಲೇ ಮಾಡುತ್ತದೆ.

ಇನ್ನು, ಹೊರಹೋಗುವ ದಾರಿ. ಸಕ್ಕರೆಯನ್ನೂ ಕೊಬ್ಬನ್ನೂ ದೇಹ ಉರಿಸಿ ಶಕ್ತಿ ಮಾಡಿಕೊಳ್ಳುತ್ತದೆ. ಕೊಲೆಸ್ಟ್ರಾಲನ್ನು ಹಾಗೆ ಉರಿಸಲಾಗದು. ಅದರ ಉಂಗುರಗಳ ರಚನೆಯನ್ನು ಒಡೆಯುವ ಕಿಣ್ವ ಮನುಷ್ಯನ ದೇಹದಲ್ಲಿಲ್ಲ. ಎಷ್ಟು ಬೆವರು ಹರಿಸಿದರೂ ಕೊಲೆಸ್ಟ್ರಾಲ್ ನೇರವಾಗಿ ಖರ್ಚಾಗುವುದಿಲ್ಲ. ಅದು ಹೊರಹೋಗಬೇಕಾದರೆ ಲಿವರ್ ಅದನ್ನು ರಕ್ತದಿಂದ ಎಳೆದುಕೊಂಡು ಪಿತ್ತರಸಕ್ಕೆ ಸೇರಿಸಿ ಕರುಳಿಗೆ ಬಿಡಬೇಕು. ಅಲ್ಲೂ ಪಿತ್ತಾಮ್ಲದ ಶೇ 95ರಷ್ಟನ್ನು ಸಣ್ಣಕರುಳಿನ ಕೊನೆಯ ಭಾಗ ಮತ್ತೆ ಹೀರಿಕೊಂಡು ಲಿವರಿಗೇ ಕಳಿಸುತ್ತದೆ.

ಹಾಗಾಗಿ ನಿಮ್ಮ ಎಲ್‌ಡಿಎಲ್ ಅಂಕಿ ಮುಖ್ಯವಾಗಿ ಹೇಳುವುದು, ಲಿವರ್ ರಕ್ತದಿಂದ ಎಷ್ಟು ಚುರುಕಾಗಿ ಕೊಲೆಸ್ಟ್ರಾಲನ್ನು ಎತ್ತಿಕೊಳ್ಳುತ್ತಿದೆ ಎಂಬುದನ್ನು. ರಕ್ತ ನೀರಿನಂಶದ್ದು, ಜಿಡ್ಡು ಅದರಲ್ಲಿ ಕರಗದು. ಅದಕ್ಕೇ ಕೊಲೆಸ್ಟ್ರಾಲ್ ಪ್ರೋಟೀನು ಸುತ್ತಿದ ಸಣ್ಣ ಕಣಗಳಾಗಿ ಓಡಾಡುತ್ತದೆ. ಎಲ್‌ಡಿಎಲ್ ಅಂಥ ಒಂದು ಕಣ. ಲಿವರ್ ಕೋಶಗಳ ಮೇಲೆ ಅದನ್ನು ಹಿಡಿದು ಒಳಗೆಳೆದುಕೊಳ್ಳುವ ರಿಸೆಪ್ಟರುಗಳಿವೆ. ಒಂದು ರಿಸೆಪ್ಟರ್ ಸುಮಾರು ಹತ್ತು ನಿಮಿಷಕ್ಕೊಮ್ಮೆ ಒಂದು ಕಣವನ್ನು ಒಳಗೆ ಬಿಟ್ಟು ಮತ್ತೆ ಮೇಲೆ ಬರುತ್ತದೆ. ಇದನ್ನು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ರಿಸೆಪ್ಟರುಗಳು ಕಡಿಮೆಯಾದರೆ ಕಣಗಳು ರಕ್ತದಲ್ಲೇ ಹೆಚ್ಚು ದಿನ ಸುತ್ತುತ್ತವೆ, ಅಂಕಿ ಏರುತ್ತದೆ. ಕೆಳಗಿನ ಉತ್ತರಗಳಲ್ಲಿ ಈ ರಿಸೆಪ್ಟರ್ ಮತ್ತೆ ಮತ್ತೆ ಬರುತ್ತದೆ, ನೆನಪಿರಲಿ.

164ರಿಂದ 157ಕ್ಕೆ ಬಂದದ್ದನ್ನು ಇಳಿಕೆ ಎಂದು ಎಣಿಸಬೇಡಿ. ಏನೂ ಬದಲಿಸದಿದ್ದರೂ ಎಲ್‌ಡಿಎಲ್ ಒಂದು ಪರೀಕ್ಷೆಯಿಂದ ಇನ್ನೊಂದಕ್ಕೆ ಶೇ 5ರಿಂದ 10ರಷ್ಟು ಹೆಚ್ಚುಕಡಿಮೆ ಆಗುತ್ತದೆ. ನಡಿಗೆಯನ್ನು ಮಾತ್ರ ನಿಲ್ಲಿಸಬೇಡಿ. ಅದು ಟ್ರೈಗ್ಲಿಸರೈಡ್, ರಕ್ತದೊತ್ತಡ, ಸಕ್ಕರೆ ಮೂರನ್ನೂ ಇಳಿಸುತ್ತದೆ. ಎಲ್‌ಡಿಎಲ್ ಮೇಲೆ ಅದರ ಪರಿಣಾಮ ಸಣ್ಣದು, ಅಷ್ಟೆ.

ಪ್ರಶ್ನೆ: ಹಾಗಾದರೆ ಊಟದಲ್ಲಿ ಬದಲಿಸಬೇಕಾದದ್ದು ಏನು? ಮೊಟ್ಟೆ ತಿನ್ನಬಹುದೇ? ಎಣ್ಣೆ ಬಾಟಲಿಯ ಮೇಲೆ ‘ಕೊಲೆಸ್ಟ್ರಾಲ್ ಇಲ್ಲ’ ಎಂದಿದ್ದರೆ ಸಾಕೇ?

ಉತ್ತರ: ಸಾಲದು. ಗಿಡಗಳಿಂದ ಬರುವ ಯಾವ ಎಣ್ಣೆಯಲ್ಲೂ ಕೊಲೆಸ್ಟ್ರಾಲ್ ಲೆಕ್ಕಕ್ಕೆ ಸಿಗುವಷ್ಟು ಇರುವುದೇ ಇಲ್ಲ. ಹಾಗಾಗಿ ಆ ಬರಹದಿಂದ ನಿಮಗೇನೂ ತಿಳಿದಂತಾಗಲಿಲ್ಲ. ಲೇಬಲ್ ತಿರುಗಿಸಿ ಎರಡು ಸಾಲು ನೋಡಿ: ಸ್ಯಾಚುರೇಟೆಡ್ ಕೊಬ್ಬು ಎಷ್ಟು, ಟ್ರಾನ್ಸ್ ಕೊಬ್ಬು ಎಷ್ಟು. ಸ್ಯಾಚುರೇಟೆಡ್ ಕೊಬ್ಬು ಹೆಚ್ಚಾದರೆ ಲಿವರಿನ ಎಲ್‌ಡಿಎಲ್ ರಿಸೆಪ್ಟರುಗಳು ಕಡಿಮೆಯಾಗುತ್ತವೆ. ಟ್ರಾನ್ಸ್ ಕೊಬ್ಬು ಇನ್ನೂ ಕೆಟ್ಟದ್ದು, ಎಲ್‌ಡಿಎಲ್ ಏರಿಸಿ ಎಚ್‌ಡಿಎಲ್ ಇಳಿಸುತ್ತದೆ. ಪದಾರ್ಥಗಳ ಪಟ್ಟಿಯಲ್ಲಿ ‘ಭಾಗಶಃ ಹೈಡ್ರೋಜನೀಕರಿಸಿದ’ ಎಂದು ಕಂಡರೆ ಆ ಪೊಟ್ಟಣವನ್ನು ಅಲ್ಲೇ ಬಿಡಿ.

ಎಲ್‌ಡಿಎಲ್ ಹೆಚ್ಚಿರುವವರು ದಿನದ ಒಟ್ಟು ಕ್ಯಾಲೊರಿಯಲ್ಲಿ ಸ್ಯಾಚುರೇಟೆಡ್ ಕೊಬ್ಬನ್ನು ಶೇ 7ರೊಳಗೆ ಇಟ್ಟುಕೊಳ್ಳುವುದು ಒಳ್ಳೆಯದು. 2000 ಕ್ಯಾಲೊರಿ ಉಣ್ಣುವವರಿಗೆ ಇದು ಸುಮಾರು 15 ಗ್ರಾಂ. ಒಂದು ದೊಡ್ಡ ಚಮಚ ಬೆಣ್ಣೆಯಲ್ಲಿ 7 ಗ್ರಾಂ, ಅಷ್ಟೇ ತೆಂಗಿನೆಣ್ಣೆಯಲ್ಲಿ 11ರಿಂದ 12 ಗ್ರಾಂ ಇರುತ್ತದೆ. ಎರಡು ಚಮಚಕ್ಕೇ ದಿನದ ಪಾಲು ಮುಗಿದು ಹೋಗುವುದನ್ನು ಗಮನಿಸಿ. ಆ ಜಾಗಕ್ಕೆ ಸೂರ್ಯಕಾಂತಿ, ಸೋಯಾ, ಸಾಸಿವೆ, ಆಲಿವ್ ಎಣ್ಣೆಗಳೋ ಬೀಜಗಳೋ ಬಂದರೆ ಎಲ್‌ಡಿಎಲ್ ಇಳಿಯುತ್ತದೆ. ಬೆಣ್ಣೆ ಬಿಟ್ಟು ಸಕ್ಕರೆ, ಬಿಳಿ ಹಿಟ್ಟಿನ ತಿನಿಸು ಹೆಚ್ಚಿಸಿಕೊಂಡರೆ ಟ್ರೈಗ್ಲಿಸರೈಡ್ ಏರಿ, ಮಾಡಿದ್ದೆಲ್ಲ ವ್ಯರ್ಥ. ಬಹಳ ಜನ ಎಡವುವುದು ಇಲ್ಲೇ.

ಒಂದು ಮೊಟ್ಟೆಯ ಹಳದಿಯಲ್ಲಿ ಸುಮಾರು 185 ಮಿಲಿಗ್ರಾಂ ಕೊಲೆಸ್ಟ್ರಾಲ್ ಇದ್ದರೂ ಸ್ಯಾಚುರೇಟೆಡ್ ಕೊಬ್ಬು ಒಂದೂವರೆ ಗ್ರಾಂ ಅಷ್ಟೇ. ಹೆಚ್ಚಿನವರಿಗೆ ದಿನಕ್ಕೊಂದು ಮೊಟ್ಟೆಯಿಂದ ದೊಡ್ಡ ವ್ಯತ್ಯಾಸವಾಗದು. ಮಧುಮೇಹ ಇರುವವರು, ಎಲ್‌ಡಿಎಲ್ ತುಂಬ ಹೆಚ್ಚಿರುವವರು ಹಳದಿಯನ್ನು ಮಿತಗೊಳಿಸಲಿ.

ಸೇರಿಸಬೇಕಾದದ್ದು ಕರಗುವ ನಾರು. ಅದು ಕರುಳಿನಲ್ಲಿ ಪಿತ್ತಾಮ್ಲವನ್ನು ಹಿಡಿದಿಟ್ಟು ಮಲದೊಂದಿಗೆ ಹೊರಹಾಕುತ್ತದೆ. ಪಿತ್ತಾಮ್ಲ ವಾಪಸು ಬರದಿದ್ದಾಗ ಲಿವರ್ ಹೊಸದನ್ನು ಮಾಡಬೇಕು. ಅದಕ್ಕೆ ಕೊಲೆಸ್ಟ್ರಾಲ್ ಬೇಕು, ಹಾಗಾಗಿ ರಿಸೆಪ್ಟರ್ ಹೆಚ್ಚಿಸಿ ರಕ್ತದಿಂದ ಎಳೆದುಕೊಳ್ಳುತ್ತದೆ. ಓಟ್ಸ್, ಬಾರ್ಲಿಯಲ್ಲಿರುವ ಬೀಟಾ ಗ್ಲೂಕನ್ ದಿನಕ್ಕೆ 3 ಗ್ರಾಂ ಬೇಕು. ಅದಕ್ಕೆ ಒಣ ಓಟ್ಸ್ 75 ಗ್ರಾಂನಷ್ಟಾದರೂ ತಿನ್ನಬೇಕು. ಎರಡು ಚಮಚ ಉದುರಿಸಿಕೊಂಡರೆ ಏನೂ ಆಗದು. ಇಸಬಗೋಲು ದಿನಕ್ಕೆ 10 ಗ್ರಾಂವರೆಗೆ, ಎರಡು ಹೊತ್ತಿಗೆ ಹಂಚಿ, ಪ್ರತಿ ಸಲ ಒಂದು ದೊಡ್ಡ ಲೋಟ ನೀರಿನೊಂದಿಗೆ. ಮೊದಲ ವಾರ 3 ಗ್ರಾಂನಿಂದ ಶುರುಮಾಡಿ, ಇಲ್ಲದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ.

ಕಾಫಿ ಬಗ್ಗೆ ಯಾರೂ ಕೇಳಲಿಲ್ಲ, ಆದರೆ ಹೇಳಲೇಬೇಕು. ಕಾಫಿಯಲ್ಲಿರುವ ಕೆಫೆಸ್ಟಾಲ್ ಎಂಬ ಎಣ್ಣೆಯಂಶ ಎಲ್‌ಡಿಎಲ್ ಏರಿಸುತ್ತದೆ. ಕಾಗದದ ಫಿಲ್ಟರ್ ಅದನ್ನು ತಡೆದಿಡುತ್ತದೆ. ಪುಡಿಯನ್ನು ನೀರಲ್ಲೇ ಕುದಿಸಿ ಕುಡಿಯುವ ಕಾಫಿಯಲ್ಲಿ ಅದು ಪೂರ್ತಿ ಉಳಿದಿರುತ್ತದೆ. ದಿನಕ್ಕೆ ನಾಲ್ಕೈದು ಲೋಟ ಕುಡಿಯುವವರಿಗೆ ಈ ವ್ಯತ್ಯಾಸ ರಿಪೋರ್ಟಿನಲ್ಲೇ ಕಾಣಬಹುದು.

ಪ್ರಶ್ನೆ: ನನ್ನ ರಿಪೋರ್ಟು: ಒಟ್ಟು ಕೊಲೆಸ್ಟ್ರಾಲ್ 212, ಎಚ್‌ಡಿಎಲ್ 38, ಟ್ರೈಗ್ಲಿಸರೈಡ್ 310, ಎಲ್‌ಡಿಎಲ್ 112. ಎಲ್‌ಡಿಎಲ್ ಪರವಾಗಿಲ್ಲ ಅಂದರು ಸ್ನೇಹಿತರು. ಹೌದೇ?

ಉತ್ತರ: ಆ 112 ಹೇಗೆ ಬಂತು ನೋಡಿ. ಅನೇಕ ಲ್ಯಾಬುಗಳು ಎಲ್‌ಡಿಎಲ್ಲನ್ನು ನೇರವಾಗಿ ಅಳೆಯುವುದಿಲ್ಲ, ಲೆಕ್ಕ ಹಾಕುತ್ತವೆ. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡಿನ ಐದರಲ್ಲೊಂದು ಭಾಗವನ್ನೂ ಕಳೆಯುವುದು. 212ರಲ್ಲಿ 38 ಹೋದರೆ 174, ಅದರಲ್ಲಿ 62 ಹೋದರೆ 112. ಇದು 1972ರಲ್ಲಿ ಬಂದ ಫ್ರೀಡ್‌ವಾಲ್ಡ್ ಸೂತ್ರ. ಟ್ರೈಗ್ಲಿಸರೈಡ್ ಹೆಚ್ಚಿದಷ್ಟೂ ಇದು ಎಲ್‌ಡಿಎಲ್ಲನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. 400 ದಾಟಿದರೆ ಬಳಸುವಂತೆಯೇ ಇಲ್ಲ.

ನಿಮ್ಮ ರಿಪೋರ್ಟಿನಲ್ಲಿ ನೋಡಬೇಕಾದದ್ದು ಮಧ್ಯದ ಅಂಕಿ, 174. ಒಟ್ಟು ಕೊಲೆಸ್ಟ್ರಾಲಿನಲ್ಲಿ ಎಚ್‌ಡಿಎಲ್ ಬಿಟ್ಟು ಉಳಿದದ್ದು, ನಾನ್ ಎಚ್‌ಡಿಎಲ್. ರಕ್ತನಾಳದ ಗೋಡೆಗೆ ನುಗ್ಗಬಲ್ಲ ಎಲ್ಲ ಬಗೆಯ ಕಣಗಳೂ ಇದರಲ್ಲಿ ಸೇರಿವೆ. ಇದಕ್ಕೆ ಉಪವಾಸವೂ ಬೇಡ. ಎಲ್‌ಡಿಎಲ್ ಗುರಿಗೆ 30 ಕೂಡಿಸಿದರೆ ಇದರ ಗುರಿ ಸಿಗುತ್ತದೆ. ಬೇರೆ ತೊಂದರೆಯಿಲ್ಲದವರಿಗೆ ಎಲ್‌ಡಿಎಲ್ 100ರೊಳಗೆ ಎಂದಾದರೆ ಇದು 130ರೊಳಗೆ ಇರಬೇಕು. ನಿಮ್ಮದು 174. ಪರವಾಗಿಲ್ಲ ಎನ್ನುವಂತಿಲ್ಲ.

ಟ್ರೈಗ್ಲಿಸರೈಡ್ 150ಕ್ಕಿಂತ ಕಡಿಮೆ ಇರಬೇಕು. 310 ಎಂದರೆ ಸಾಮಾನ್ಯವಾಗಿ ಸಕ್ಕರೆ, ಮದ್ಯ, ಸೊಂಟದ ಕೊಬ್ಬು, ಹತೋಟಿಯಲ್ಲಿಲ್ಲದ ಮಧುಮೇಹ ಇವುಗಳಲ್ಲೊಂದು ಇದ್ದೇ ಇರುತ್ತದೆ. ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಎರಡು ಮೂರು ವಾರ ಮದ್ಯ ಮತ್ತು ಸಿಹಿ ಪಾನೀಯ ಪೂರ್ತಿ ಬಿಟ್ಟು, 10ರಿಂದ 12 ಗಂಟೆ ಏನೂ ತಿನ್ನದೆ ಮತ್ತೆ ಪರೀಕ್ಷಿಸಿ. ನೀರು ಕುಡಿಯಬಹುದು. ಜ್ವರ ಅಥವಾ ಸೋಂಕು ಬಂದು ಹೋದ ಹೊಸತರಲ್ಲಿ ಮಾಡಿಸಬೇಡಿ, ಆಗ ಎಲ್‌ಡಿಎಲ್ ತಾತ್ಕಾಲಿಕವಾಗಿ ಇಳಿದಿರುತ್ತದೆ. ಟ್ರೈಗ್ಲಿಸರೈಡ್ 500 ದಾಟಿದರೆ ಮೇದೋಜೀರಕ ಗ್ರಂಥಿಯ ಉರಿಯೂತದ ಭಯವಿದೆ. ಆಗ ತಡಮಾಡದೆ ವೈದ್ಯರನ್ನು ಕಾಣಬೇಕು.

ಪ್ರಶ್ನೆ: ಎಚ್‌ಡಿಎಲ್ 74 ಇದೆ. ಒಳ್ಳೆಯ ಕೊಲೆಸ್ಟ್ರಾಲ್ ಇಷ್ಟಿದ್ದರೆ ಎಲ್‌ಡಿಎಲ್ 170 ಇದ್ದರೂ ನಡೆಯುತ್ತದಲ್ಲವೇ?

ಉತ್ತರ: ನಡೆಯುವುದಿಲ್ಲ. ಎಚ್‌ಡಿಎಲ್ ಕಡಿಮೆ ಇರುವುದು ಅಪಾಯದ ಸೂಚನೆ ಹೌದು: ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆ. ಆದರೆ ಔಷಧಿಯಿಂದ ಅದನ್ನು ಏರಿಸಿ ನೋಡಿದ ದೊಡ್ಡ ಪ್ರಯೋಗಗಳಲ್ಲಿ ಲಾಭ ಸಿಗಲಿಲ್ಲ. ಟಾರ್ಸೆಟ್ರಾಪಿಬ್ ಎಂಬ ಔಷಧಿ ಎಚ್‌ಡಿಎಲ್ಲನ್ನು ಚೆನ್ನಾಗಿ ಏರಿಸಿತು. ಅದನ್ನು ತೆಗೆದುಕೊಂಡವರಲ್ಲೇ ಸಾವು ಹೆಚ್ಚಾದದ್ದರಿಂದ 2006ರಲ್ಲಿ ಪ್ರಯೋಗ ನಿಲ್ಲಿಸಬೇಕಾಯಿತು. ಎಚ್‌ಡಿಎಲ್ ಎಷ್ಟೇ ಇರಲಿ, 170 ಎಲ್‌ಡಿಎಲ್ಲಿನ ಅಪಾಯವನ್ನು ಅದು ಸರಿದೂಗಿಸುವುದಿಲ್ಲ.

ಪ್ರಶ್ನೆ: ಬಿಸಿನೀರು, ನಿಂಬೆ, ಬೆಳ್ಳುಳ್ಳಿ ಸೇವಿಸಿದರೆ ರಕ್ತನಾಳದ ಕೊಬ್ಬು ಕರಗಿ ಹೋಗುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ಇಲ್ಲ. ಆ ಕೊಬ್ಬು ನಾಳದ ಒಳಮೈಗೆ ಅಂಟಿಕೊಂಡಿರುವುದಿಲ್ಲ, ಗೋಡೆಯ ಒಳಗಿರುತ್ತದೆ. ಎಲ್‌ಡಿಎಲ್ ಕಣಗಳು ಒಳಪದರವನ್ನು ದಾಟಿ ಗೋಡೆಯಲ್ಲಿ ಸಿಕ್ಕಿಕೊಳ್ಳುತ್ತವೆ, ಅಲ್ಲಿ ಆಕ್ಸಿಡೀಕರಣಗೊಳ್ಳುತ್ತವೆ. ಅವನ್ನು ತೆಗೆಯಲು ಬಂದ ಬಿಳಿ ರಕ್ತಕಣಗಳು ನುಂಗಿ ನುಂಗಿ ಕೊಬ್ಬು ತುಂಬಿದ ನೊರೆಕೋಶಗಳಾಗಿ ಅಲ್ಲೇ ಸಾಯುತ್ತವೆ. ವರ್ಷಗಳು ಕಳೆದಂತೆ ಗೋಡೆಯೊಳಗೆ ಕೊಬ್ಬಿನ ತಿರುಳು, ಅದರ ಮೇಲೊಂದು ನಾರಿನ ಮುಚ್ಚಳ. ಮುಚ್ಚಳ ತೆಳುವಾಗಿದ್ದರೆ ಒಂದು ದಿನ ಬಿರಿಯುತ್ತದೆ, ಆ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ನಾಳ ನಿಮಿಷಗಳಲ್ಲಿ ಮುಚ್ಚಿಹೋಗುತ್ತದೆ. ನಾಳ ಅರ್ಧವೂ ಕಿರಿದಾಗದೆ ಇದ್ದವರಿಗೂ ಹೃದಯಾಘಾತ ಆಗುವುದು ಹೀಗೆ. ಎಲ್‌ಡಿಎಲ್ ಚೆನ್ನಾಗಿ ಇಳಿಸಿದರೆ ತಿರುಳು ಕುಗ್ಗಿ ಮುಚ್ಚಳ ದಪ್ಪವಾಗುತ್ತದೆ. ಬಿಸಿನೀರು ಕುಡಿಯಿರಿ, ತೊಂದರೆಯಿಲ್ಲ. ಅದನ್ನು ನಂಬಿ ಮಾತ್ರೆ ಬಿಡಬೇಡಿ.

ಪ್ರಶ್ನೆ: ಡಾಕ್ಟ್ರೇ, ನನಗೆ 29 ವರ್ಷ, ತೂಕ 58 ಕಿಲೋ, ಮಾಂಸಾಹಾರವಿಲ್ಲ. ಕೆಲಸಕ್ಕೆ ಸೇರುವಾಗ ಮಾಡಿಸಿದ ಪರೀಕ್ಷೆಯಲ್ಲಿ ಎಲ್‌ಡಿಎಲ್ 226. ಅಪ್ಪನಿಗೆ 44ಕ್ಕೆ ಹೃದಯಾಘಾತವಾಗಿತ್ತು. ಲ್ಯಾಬಿನ ತಪ್ಪಿರಬಹುದೇ?

ಉತ್ತರ: ಇನ್ನೊಮ್ಮೆ ಪರೀಕ್ಷಿಸಿ, ಆದರೆ ತಪ್ಪಿರಬಹುದೆಂದು ಸುಮ್ಮನಿರಬೇಡಿ. ಎಲ್‌ಡಿಎಲ್ 190 ದಾಟಿ, ಹತ್ತಿರದ ರಕ್ತಸಂಬಂಧಿಗೆ ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತ ಆಗಿದ್ದರೆ ಮೊದಲು ಬರುವ ಅನುಮಾನ ವಂಶಪಾರಂಪರ್ಯದ ಹೈಪರ್‌ಕೊಲೆಸ್ಟೆರೊಲೀಮಿಯ. ಸುಮಾರು 250 ಜನರಲ್ಲಿ ಒಬ್ಬರಿಗೆ ಇರುತ್ತದೆ, ಅಪರೂಪವೇನಲ್ಲ. ಮೇಲೆ ಹೇಳಿದ ರಿಸೆಪ್ಟರಿನ ವಂಶವಾಹಿಗಳ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿರುವುದು ಇದರ ಸಾಮಾನ್ಯ ಕಾರಣ. ಲಿವರ್ ಅರ್ಧ ಬಲದಲ್ಲಿ ಕೆಲಸ ಮಾಡುತ್ತದೆ, ಅದೂ ಹುಟ್ಟಿದ ದಿನದಿಂದ. ತೆಳ್ಳಗಿರುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಹಿಮ್ಮಡಿಯ ಹಿಂದಿನ ದಪ್ಪ ಸ್ನಾಯುರಜ್ಜುವನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಗಂಟುಗಂಟಾಗಿ ಅಥವಾ ದಪ್ಪಗಾಗಿದೆಯೇ ಎಂದು. ಕೈಬೆರಳ ಗೆಣ್ಣುಗಳ ಮೇಲಿನ ಸ್ನಾಯುರಜ್ಜುಗಳನ್ನೂ ಮುಟ್ಟಿ ನೋಡಿ. ಕಣ್ಣಿನ ಕಪ್ಪುಭಾಗದ ಅಂಚಿನಲ್ಲಿ ಬೂದುಬಿಳಿ ಬಳೆ 45 ವರ್ಷಕ್ಕೆ ಮೊದಲೇ ಕಂಡರೆ ಅದೂ ಲಕ್ಷಣವೇ. ಇವು ಇಲ್ಲದಿದ್ದರೂ ಕಾಯಿಲೆ ಇರಬಹುದು. ವೈದ್ಯರು ಥೈರಾಯ್ಡ್ ನೋಡುವ ಟಿಎಸ್‌ಎಚ್, ಮೂತ್ರದಲ್ಲಿ ಪ್ರೋಟೀನು, ಲಿವರ್ ಪರೀಕ್ಷೆ ಬರೆಯುತ್ತಾರೆ. ಥೈರಾಯ್ಡ್ ಕೊರತೆ, ಮೂತ್ರಪಿಂಡದಿಂದ ಪ್ರೋಟೀನು ಸೋರುವುದು, ಪಿತ್ತನಾಳದ ತಡೆ ಇವೂ ಎಲ್‌ಡಿಎಲ್ ಏರಿಸುತ್ತವೆ. ಥೈರಾಯ್ಡ್ ಕೊರತೆಯಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ.

ಉಳಿದ ಕಾರಣಗಳಿಲ್ಲವೆಂದಾದರೆ ಊಟದ ಪಥ್ಯವೊಂದರಿಂದಲೇ 226 ಇಳಿಯದು, ಔಷಧಿ ಈಗಿನಿಂದಲೇ ಬೇಕು. ನಿಮ್ಮ ಅಣ್ಣತಮ್ಮ, ಅಕ್ಕತಂಗಿಯರಲ್ಲಿ ಪ್ರತಿಯೊಬ್ಬರಿಗೂ ಇದು ಇರುವ ಸಾಧ್ಯತೆ ಅರ್ಧಕ್ಕರ್ಧ. ಅವರಿಗೂ ಪರೀಕ್ಷೆ ಮಾಡಿಸಿ. ಮುಂದೆ ಮಕ್ಕಳಾದರೆ ಅವರಿಗೂ. ನೀವು ಹೆಣ್ಣುಮಗಳಾಗಿದ್ದರೆ, ಗರ್ಭಿಣಿಯಾಗುವ ಯೋಚನೆಯಿದ್ದಾಗ ವೈದ್ಯರಿಗೆ ಮೊದಲೇ ತಿಳಿಸಿ, ಕೊಲೆಸ್ಟ್ರಾಲ್ ಇಳಿಸಲು ಕೊಡುವ ಸ್ಟ್ಯಾಟಿನ್ ಮಾತ್ರೆ ನಿಲ್ಲಿಸಬೇಕಾಗುತ್ತದೆ.

ಪ್ರಶ್ನೆ: ಹೃದಯಕ್ಕೆ ಸ್ಟೆಂಟ್ ಹಾಕಿ ಅಟೋರ್ವಾಸ್ಟ್ಯಾಟಿನ್ 40 ಕೊಟ್ಟಿದ್ದಾರೆ. ತೊಡೆ ನೋವು. ಮಿದುಳಿಗೂ ಕೊಲೆಸ್ಟ್ರಾಲ್ ಬೇಕಂತೆ, ಮರೆವು ಬರುತ್ತದಂತೆ. ರಿಪೋರ್ಟು ಸರಿಬಂದರೆ ನಿಲ್ಲಿಸಬಹುದೇ? ಗಿಡಮೂಲಿಕೆಯದು ತೆಗೆದುಕೊಳ್ಳಲೇ?

ಉತ್ತರ: ಸ್ಟೆಂಟ್ ಹಾಕಿಸಿಕೊಂಡವರು ವೈದ್ಯರನ್ನು ಕೇಳದೆ ಇದನ್ನು ನಿಲ್ಲಿಸಲೇಬಾರದು. ಲಿವರಿನಲ್ಲಿ ಕೊಲೆಸ್ಟ್ರಾಲ್ ತಯಾರಿಸುವ ಮುಖ್ಯ ಕಿಣ್ವವನ್ನು ಸ್ಟ್ಯಾಟಿನ್ ತಡೆಯುತ್ತದೆ. ಒಳಗೆ ಕೊರತೆಯಾದಾಗ ಲಿವರ್ ರಿಸೆಪ್ಟರುಗಳನ್ನು ಹೆಚ್ಚಿಸಿ ರಕ್ತದ ಎಲ್‌ಡಿಎಲ್ಲನ್ನು ಎಳೆದುಕೊಳ್ಳುತ್ತದೆ. ಮಾತ್ರೆ ಬಿಟ್ಟರೆ ಕೆಲವೇ ವಾರಗಳಲ್ಲಿ ಅಂಕಿ ಹಳೆಯ ಮಟ್ಟಕ್ಕೆ ಬರುತ್ತದೆ. ರಿಪೋರ್ಟು ಸರಿ ಬರುವುದು ಮಾತ್ರೆ ಕೆಲಸ ಮಾಡುತ್ತಿರುವುದರಿಂದ. ಎಲ್‌ಡಿಎಲ್ ಪ್ರತಿ 39 ಅಂಕ ಇಳಿದಾಗ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ಅನಾಹುತಗಳು ಸುಮಾರು ಶೇ 22ರಷ್ಟು ಕಡಿಮೆಯಾಗುತ್ತವೆ ಎಂಬುದು ಲಕ್ಷಾಂತರ ಜನರ ಪ್ರಯೋಗಗಳನ್ನು ಒಟ್ಟುಗೂಡಿಸಿ ಕಂಡುಕೊಂಡದ್ದು.

ನಿಮ್ಮ ಗುರಿ 70ಕ್ಕಿಂತ ಕೆಳಗೆ. ಯೂರೋಪಿನ ಮಾರ್ಗಸೂಚಿ 55ಕ್ಕಿಂತ ಕೆಳಗೆ ಎನ್ನುತ್ತದೆ. ಅಟೋರ್ವಾಸ್ಟ್ಯಾಟಿನ್ 40 ಸಾಮಾನ್ಯವಾಗಿ ಎಲ್‌ಡಿಎಲ್ಲನ್ನು ಅರ್ಧದಷ್ಟು ಇಳಿಸುತ್ತದೆ. ಡೋಸ್ ಇಮ್ಮಡಿ ಮಾಡಿದರೂ ಮತ್ತೆ ಶೇ 6ರಷ್ಟೇ ಇಳಿಯುತ್ತದೆ. ಅದಕ್ಕೇ ಗುರಿ ಮುಟ್ಟದಿದ್ದಾಗ, ಕರುಳು ಹೀರಿಕೊಳ್ಳುವುದನ್ನು ತಡೆಯುವ ಎಜೆಟಿಮೈಬ್ 10 ಮಿಲಿಗ್ರಾಂ ಸೇರಿಸುತ್ತಾರೆ.

ತೊಡೆ ನೋವನ್ನು ಸಹಿಸಿಕೊಂಡು ಇರಬೇಡಿ. ಸ್ನಾಯುವಿಗೆ ಹಾನಿಯಾಗಿದೆಯೇ ಎಂದು ತೋರಿಸುವ ಸಿಪಿಕೆ, ಜೊತೆಗೆ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ. ಸ್ಟ್ಯಾಟಿನ್ನಿನ ಸ್ನಾಯುನೋವು ಹೆಚ್ಚಾಗಿ ಎರಡೂ ಕಡೆ, ತೊಡೆ ಅಥವಾ ಭುಜದಲ್ಲಿ, ಮಾತ್ರೆ ಶುರುವಾದ ಅಥವಾ ಡೋಸ್ ಏರಿಸಿದ ಕೆಲವು ವಾರಗಳಲ್ಲಿ ಬರುತ್ತದೆ. ಒಂದೇ ಕಾಲಿನ ನೋವಾದರೆ ಬೇರೆ ಕಾರಣ ಹುಡುಕಬೇಕು. ವೈದ್ಯರು ಎರಡು ವಾರ ನಿಲ್ಲಿಸಿ ನೋಡಬಹುದು, ನಂತರ ಕಡಿಮೆ ಡೋಸ್ ಅಥವಾ ಬೇರೆ ಸ್ಟ್ಯಾಟಿನ್ ಕೊಡಬಹುದು. 2020ರಲ್ಲಿ ಪ್ರಕಟವಾದ ಸ್ಯಾಮ್ಸನ್ ಅಧ್ಯಯನದಲ್ಲಿ, ತೊಂದರೆಯಿಂದ ಸ್ಟ್ಯಾಟಿನ್ ಬಿಟ್ಟಿದ್ದ 60 ಜನರಿಗೆ ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ಔಷಧಿಯಿಲ್ಲದ ಮಾತ್ರೆ, ಕೆಲವು ತಿಂಗಳು ಏನೂ ಇಲ್ಲ ಎಂದು ಗೊತ್ತುಮಾಡಿದರು. ಸ್ಟ್ಯಾಟಿನ್ನಿನಲ್ಲಿ ಆದ ತೊಂದರೆಯ ಶೇ 90ರಷ್ಟು ಔಷಧಿಯಿಲ್ಲದ ಮಾತ್ರೆಯಲ್ಲೂ ಆಯಿತು. ನೋವು ಸುಳ್ಳೆಂದು ಇದರ ಅರ್ಥವಲ್ಲ. ಮತ್ತೆ ಪ್ರಯತ್ನಿಸಿದರೆ ಅನೇಕರು ಮಾತ್ರೆ ಮುಂದುವರಿಸಬಲ್ಲರು ಎಂದು ಇದರಿಂದ ಧೈರ್ಯ ತಂದುಕೊಳ್ಳಬಹುದು. ಆದರೆ ಮೂತ್ರ ಕಪ್ಪುಚಹಾದ ಬಣ್ಣಕ್ಕೆ ತಿರುಗಿದರೆ, ಕೂತಲ್ಲಿಂದ ಏಳಲಾಗದಷ್ಟು ಸುಸ್ತಾದರೆ ಮಾತ್ರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಸೋಂಕಿಗೆ ಕ್ಲಾರಿಥ್ರೋಮೈಸಿನ್, ಇಟ್ರಕೊನಜೋಲ್ ಎಂಬ ಔಷಧಿ ಬರೆಯುವ ವೈದ್ಯರಿಗೆ ನೀವು ಅಟೋರ್ವಾಸ್ಟ್ಯಾಟಿನ್ ತೆಗೆದುಕೊಳ್ಳುವುದನ್ನು ಹೇಳಿ. ಅವುಗಳ ಜೊತೆ ಇದರ ಮಟ್ಟ ರಕ್ತದಲ್ಲಿ ಏರುತ್ತದೆ.

ಮಿದುಳಿನ ಚಿಂತೆ ಬಿಡಿ. ರಕ್ತದ ಎಲ್‌ಡಿಎಲ್ ಮಿದುಳಿನೊಳಗೆ ಹೋಗುವುದಿಲ್ಲ, ಮಿದುಳು ತನಗೆ ಬೇಕಾದ ಕೊಲೆಸ್ಟ್ರಾಲನ್ನು ತಾನೇ ತಯಾರಿಸಿಕೊಳ್ಳುತ್ತದೆ. ಸಕ್ಕರೆ ಕಾಯಿಲೆಯ ಅಂಚಿನಲ್ಲಿರುವವರಿಗೆ ಸ್ಟ್ಯಾಟಿನ್ ಅದನ್ನು ಸ್ವಲ್ಪ ಬೇಗ ತರಬಹುದು ಎಂಬುದು ನಿಜ. ವರ್ಷಕ್ಕೊಮ್ಮೆ ಎಚ್‌ಬಿಎ1ಸಿ ನೋಡಿಸಿ. ಸ್ಟೆಂಟ್ ಹಾಕಿದವರಿಗೆ ಲಾಭ ಅದಕ್ಕಿಂತ ಬಹಳ ದೊಡ್ಡದು.

ನೈಸರ್ಗಿಕ ಎಂದು ಮಾರುವ ಕೆಂಪು ಯೀಸ್ಟ್ ಅಕ್ಕಿಯ ಕ್ಯಾಪ್ಸೂಲಿನಲ್ಲಿರುವ ಮೊನಕೊಲಿನ್ ಕೆ ಎಂಬುದು ಲೋವಾಸ್ಟ್ಯಾಟಿನ್ನೇ. ಎಷ್ಟಿದೆ ಎಂದು ಗೊತ್ತಿರುವುದಿಲ್ಲ, ಮೂತ್ರಪಿಂಡಕ್ಕೆ ಹಾನಿ ಮಾಡುವ ಸಿಟ್ರಿನಿನ್ ವಿಷವೂ ಸೇರಿರಬಹುದು. ಅಳತೆ ಗೊತ್ತಿರುವ ಮಾತ್ರೆಯೇ ಕ್ಷೇಮ.

ಪ್ರಶ್ನೆ: ಲಿಪಿಡ್ ಪ್ರೊಫೈಲ್ ಆದ ಮೇಲೂ ಲಿಪೊಪ್ರೋಟೀನ್ ಎ ಎಂಬ ಪರೀಕ್ಷೆ ಬರೆದಿದ್ದಾರೆ. ಬೇಕೇ? ಎಷ್ಟು ಸಲ ಮಾಡಿಸಬೇಕು?

ಉತ್ತರ: ಬೇಕು, ಜೀವನದಲ್ಲಿ ಒಂದು ಸಲ ಸಾಕು. ಎಲ್‌ಡಿಎಲ್ಲನ್ನು ಹೋಲುವ ಈ ಕಣದ ಮಟ್ಟ ವಂಶವಾಹಿಯಿಂದ ತೀರ್ಮಾನವಾಗಿರುತ್ತದೆ. ಊಟ, ವ್ಯಾಯಾಮದಿಂದ ಬದಲಾಗದು, ಸ್ಟ್ಯಾಟಿನ್‌ನಿಂದಲೂ ಇಳಿಯದು, ಲಿಪಿಡ್ ಪ್ರೊಫೈಲಿನಲ್ಲಿ ಬೇರೆಯಾಗಿ ಕಾಣುವುದೂ ಇಲ್ಲ. 50 ಮಿಲಿಗ್ರಾಂ, ಅಥವಾ ಲೀಟರಿಗೆ 125 ನ್ಯಾನೊಮೋಲ್ ದಾಟಿದ್ದರೆ ಎಲ್‌ಡಿಎಲ್, ರಕ್ತದೊತ್ತಡ, ಸಕ್ಕರೆಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಬೇಕಾಗುತ್ತದೆ, ಒಡಹುಟ್ಟಿದವರಿಗೂ ಮಕ್ಕಳಿಗೂ ಒಮ್ಮೆ ಈ ಪರೀಕ್ಷೆ ಮಾಡಿಸಬೇಕು. ಮಾಮೂಲಿ ಲಿಪಿಡ್ ಪ್ರೊಫೈಲ್ ಬೇರೆ ಲೆಕ್ಕ. ಮಾತ್ರೆ ಶುರುಮಾಡಿದ ಅಥವಾ ಬದಲಿಸಿದ 4ರಿಂದ 12 ವಾರದೊಳಗೆ ಒಮ್ಮೆ, ಗುರಿ ಮುಟ್ಟಿದ ಮೇಲೆ ವರ್ಷಕ್ಕೊಮ್ಮೆ.